ನಡುಗಂಬದ ಮೇಲಿನ ಎರಡು ಗೇಣು

ನಾನು ಹುಟ್ಟಿ ಬೆಳೆದ ಮನೆ ತೋರಿಸು ಅಂದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಸಿಂಧನೂರಿನ ಗಂಜ್‌ನ ಹಿಂದೆ, ಅಂದರೆ ಧಾನ್ಯದ ಪೇಟೆಯ ಕಂಪೌಂಡಿಗೆ ಬೆನ್ನು ಹಚ್ಚಿಕೊಂಡು ಹೋಗುವ ಓಣಿಯಲ್ಲಿ, ಈಗ ಆ ಜಾಗದಲ್ಲಿ ಗೊಬ್ಬರದ ಅಂಗಡಿಯೊಂದು ಇದೆ. ಶಟರ್ ಎಳೆದ ದಿನ ನೋಡಿದರೆ ಅಲ್ಲಿ ಮನುಷ್ಯರು ಮಲಗಿ ಎದ್ದಿದ್ದರು ಅಂತ ಯಾರೂ ನಂಬುವುದಿಲ್ಲ. ಒಮ್ಮೆ ನನ್ನ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಇಷ್ಟು ಜಾಗದಾಗ ಎರಡು ಸಂಸಾರ ಇದ್ವಾ ಅಂತ ಕೇಳಿ ನಕ್ಕವು. ನನಗೆ ಸಿಟ್ಟು ಬಂತು. ಎರಡಲ್ಲ, ಮೊದಲು ಒಂದೇ ಇತ್ತು. ಎರಡಾದ ಮೇಲೆಯೇ ಮನೆ ಬಿದ್ದದ್ದು. ಹಳೆಯ ಮನೆ, ಮಳೆ ಜೋರಾಗಿತ್ತು, ಬಿತ್ತು ಅಂತ ಓಣಿಯ ಜನ ಹೇಳುತ್ತಾರೆ. ನಮ್ಮ ಬಳಗದವರೂ ಇಷ್ಟು ವರ್ಷ ಹಾಗೇ ಹೇಳುತ್ತ ಬಂದಿದ್ದಾರೆ. ಮಳೆಯ ಮೇಲೆ ಹೊರಿಸಿದರೆ ಮಳೆ ತಿರುಗಿ ಮಾತಾಡುವುದಿಲ್ಲ ನೋಡಿ, ಎಲ್ಲರಿಗೂ ಅನುಕೂಲ. ನಾನು ಆ ಮನೆಯೊಳಗೆ ಇದ್ದವಳು, ಅದು ಬಿದ್ದಾಗಲೂ ಇದ್ದವಳು. ಅದಕ್ಕೇ ಈ ಅಧ್ಯಾಯ ಬರೆಯುತ್ತಿದ್ದೇನೆ.

ಮನೆ ಕಟ್ಟಿದವಳು ಅಮ್ಮ. ನಮ್ಮ ಕಡೆ ಅಪ್ಪನ ತಾಯಿಗೆ ಅಮ್ಮ ಅನ್ನುತ್ತೇವೆ, ಹಡೆದವಳಿಗೆ ಅವ್ವ. ಅಮ್ಮನೂ ತಾತನೂ ದಢೇಸುಗೂರಿನ ಕಡೆಯ ಹಳ್ಳಿ ಬಿಟ್ಟು ಕೂಲಿ ಹುಡುಕಿಕೊಂಡು ಸಿಂಧನೂರಿಗೆ ಬಂದಾಗ ಎತ್ತಿನ ಬಂಡಿಯಲ್ಲಿ ತಂದದ್ದು ಎರಡು ಗಂಡುಮಕ್ಕಳು, ಒಂದು ಬೀಸುವ ಕಲ್ಲು ಮತ್ತು ಹಳ್ಳಿಯ ಮನೆ ಕೆಡವಿದಾಗ ಸಿಕ್ಕ ಒಂದು ಬೇವಿನ ತೊಲೆ. ಆ ತೊಲೆಯ ಅಳತೆಗೇ ಇಲ್ಲಿ ಮನೆ ಕಟ್ಟಿದರಂತೆ. ತೊಲೆ ಇನ್ನೊಂದು ಮಾರು ಉದ್ದ ಇದ್ದಿದ್ದರೆ ಮನೆಯೂ ಅಷ್ಟು ದೊಡ್ಡದಾಗುತ್ತಿತ್ತು ಅಂತ ಅಮ್ಮ ಹೇಳುತ್ತಿದ್ದಳು. ಒಂದು ಪಡಸಾಲೆ, ಹಿಂದೆ ಅಡುಗೆಯ ಜಾಗ, ಬೀದಿಗೆ ಒಂದು ಕಟ್ಟೆ. ಪಡಸಾಲೆಯ ನಟ್ಟನಡುವೆ ಒಂದು ಕಂಬ, ಕಂಬದ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಹಾದುಹೋದ ಅದೇ ತೊಲೆ. ತೊಲೆಯ ಮೇಲೆ ಜಂತಿಗಳು, ಜಂತಿಗಳ ಮೇಲೆ ತೊಗರಿ ಕಟ್ಟಿಗೆ, ಎಲ್ಲದರ ಮೇಲೆ ದಪ್ಪ ಮಣ್ಣಿನ ಮಾಳಿಗೆ. ತಾತ ಬೇಗ ಸತ್ತ, ನಾನು ನೋಡಿಲ್ಲ. ಆತ ಪ್ರಾಣ ಬಿಟ್ಟದ್ದೂ ಆ ಕಂಬಕ್ಕೆ ಒರಗಿಕೊಂಡೇ ಅಂತೆ. ಅಮ್ಮ ಮಲಗುತ್ತಿದ್ದದ್ದು ಆ ಕಂಬದ ಬುಡದಲ್ಲಿ, ತಲೆ ಕಂಬಕ್ಕೆ ತಾಗಿಸಿ. ಬೇಸಿಗೆಯಲ್ಲಿ ಎಲ್ಲರೂ ಕಟ್ಟೆಗೆ, ಮಾಳಿಗೆಗೆ ಹಾಸಿಗೆ ಒಯ್ದರೂ ಅವಳು ಮಾತ್ರ ಅಲ್ಲಿಂದ ಏಳುತ್ತಿರಲಿಲ್ಲ.

ಮಣ್ಣಿನ ಮಾಳಿಗೆ ಅಂದರೆ ಅದೊಂದು ಬಾಯಿ ಇದ್ದ ಹಾಗೆ, ವರ್ಷಕ್ಕೊಮ್ಮೆ ತುತ್ತು ಕೊಡಲೇಬೇಕು. ಮಳೆ ಹಿಡಿಯುವ ಮುಂಚೆ, ಕಾರಹುಣ್ಣಿಮೆಗೆ ಮೊದಲು, ಅದರ ಮೇಲೆ ಹೊಸ ಮಣ್ಣು ಬೀಳಬೇಕು. ಎಲ್ಲ ಮಣ್ಣೂ ಆಗುವುದಿಲ್ಲ, ಸವಳು ಮಣ್ಣೇ ಆಗಬೇಕು. ಉಪ್ಪು ಬೆರೆತ ಆ ಬೂದು ಮಣ್ಣಿನಲ್ಲಿ ಹುಲ್ಲೂ ಹುಟ್ಟುವುದಿಲ್ಲ, ನೀರೂ ಇಳಿಯುವುದಿಲ್ಲ. ಎಡದಂಡೆ ಕಾಲುವೆಯ ನೀರು ನಿಂತು ನಿಂತು ಗೊರೇಬಾಳದ ಕಡೆ ಕೆಲವು ಹೊಲಗಳು ಸವಳು ಹಿಡಿದಿದ್ದವು; ಹೊಲದವರು ಹಣೆ ಬಡಿದುಕೊಂಡ ಮಣ್ಣನ್ನು ನಾವು ಬಂಡಿಗೆ ಹೇಳಿ ತರಿಸುತ್ತಿದ್ದೆವು. ಆ ದಿನ ಅಪ್ಪ ಮಾಳಿಗೆಯ ಮೇಲೆ, ಅವನ ತಮ್ಮ ಕಾಕಾ ನಿಚ್ಚಣಿಕೆಯ ನಡುವೆ, ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ ಕೆಳಗೆ ಬುಟ್ಟಿ ತುಂಬುವವರು. ಮಣ್ಣು ಹರವಿ ನೀರು ಚಿಮುಕಿಸಿ ಎಲ್ಲರೂ ತುಳಿಯುತ್ತಿದ್ದೆವು. ಕೊನೆಗೆ ಅಮ್ಮ ಬಟ್ಟೆ ಬಡಿಯುವ ಕೋಲು ಹಿಡಿದು ಕುಕ್ಕರುಗಾಲಲ್ಲಿ ಕೂತು ಅಂಚಿನಿಂದ ಅಂಚಿಗೆ ಧಪ್ ಧಪ್ ಅಂತ ಬಡಿಯುತ್ತ ಹೋಗುತ್ತಿದ್ದಳು. ಅವಳು ಬಡಿದ ಮೇಲೆಯೇ ಕೆಲಸ ಮುಗಿಯಿತು ಅಂತ ಲೆಕ್ಕ. ಮಧ್ಯಾಹ್ನ ಅಲ್ಲೇ ಮಾಳಿಗೆಯ ಮೇಲೆ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಹಸಿ ಉಳ್ಳಾಗಡ್ಡಿ. ಅಪ್ಪ ತನ್ನ ಮಣ್ಣುಗೈಯನ್ನು ಕಾಕಾನ ಬೆನ್ನಿಗೆ ಒರೆಸುವುದು, ಕಾಕಾ ಬೈದಂತೆ ಮಾಡುವುದು ಪ್ರತಿ ವರ್ಷದ ಆಟ. ಅವರಿಬ್ಬರೂ ನಗುತ್ತಿದ್ದರು ಅನ್ನುವುದಕ್ಕೆ ಈಗ ನಾನೊಬ್ಬಳೇ ಸಾಕ್ಷಿ ಉಳಿದಿದ್ದೇನೆ ಅನಿಸುತ್ತದೆ.

ಅಪ್ಪ ಗಂಜ್‌ನಲ್ಲಿ ಹಮಾಲ. ಬೆನ್ನ ಮೇಲೆ ಭತ್ತದ ಚೀಲ ಹೊತ್ತು ಲಾರಿಗೆ ಏರಿಸುವ ಕೆಲಸ. ಕಾಕಾ ಅಷ್ಟಿಷ್ಟು ಓದಿಕೊಂಡಿದ್ದರಿಂದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಅಣ್ಣ ಹೊತ್ತದ್ದನ್ನು ತಮ್ಮ ಎಣಿಸುತ್ತಾನೆ ಅಂತ ಓಣಿಯಲ್ಲಿ ಚೇಷ್ಟೆ ಮಾಡುತ್ತಿದ್ದರು. ಒಂದು ಸುಗ್ಗಿಯಲ್ಲಿ ಹಮಾಲರೆಲ್ಲ ಕೂಲಿ ಹೆಚ್ಚು ಮಾಡಿ ಅಂತ ಚೀಲ ಮುಟ್ಟುವುದನ್ನು ನಿಲ್ಲಿಸಿದರು. ಅಪ್ಪ ಮುಂದೆ ನಿಂತವರಲ್ಲಿ ಒಬ್ಬ. ಗಂಜ್‌ನ ಗೇಟಿನ ಮುಂದೆ ಹಗಲೆಲ್ಲ ಕೂತು ಬಂದು ರಾತ್ರಿ ಅಂಬಲಿ ಕುಡಿದು ಮಲಗುತ್ತಿದ್ದ. ಆಗ ಮನೆಗೆ ಜೋಳ ಬರುತ್ತಿದ್ದದ್ದು ಕಾಕಾನ ಪಗಾರದಿಂದ. ಹಮಾಲರು ಇನ್ನೇನು ಗೆಲ್ಲುತ್ತಾರೆ ಅನ್ನುವಾಗ ಕಾಕಾ ಗಿರಣಿ ಮಾಲಕನ ಮಾತಿಗೆ ಮಸ್ಕಿ ಕಡೆಯ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಕೂಲಿಗಳನ್ನು ತುಂಬಿಕೊಂಡು ಬಂದು ಲಾರಿ ತುಂಬಿಸಿದ. ಅಪ್ಪ ಗೇಟಿನ ಹೊರಗೆ ನಿಂತು ನೋಡಿದ. ಒಳಗೆ ಅವನ ತಮ್ಮ ಕಿವಿಯಲ್ಲಿ ಪೆನ್ಸಿಲ್ ಸಿಗಿಸಿಕೊಂಡು ಚೀಲ ಎಣಿಸುತ್ತಿದ್ದ. ಅಲ್ಲಿಗೆ ಹಮಾಲರ ಹಟ ಮುರಿಯಿತು. ಆ ದಿನ ಸಂಜೆ ಇಬ್ಬರೂ ಕಂಬದ ಎರಡು ಬದಿಗೆ ಊಟಕ್ಕೆ ಕೂತಿದ್ದರು. ನನಗೆ ಆಗ ಏಳೋ ಎಂಟೋ ವರ್ಷ, ಅಮ್ಮನ ತೊಡೆಗೆ ಅಂಟಿಕೊಂಡಿದ್ದೆ.

"ಉಣ್ಣೋ ತಾಟಿನಾಗ ಮಣ್ಣು ಹಾಕಿದೆಲ್ಲೋ ಯಂಕ," ಅಂದ ಅಪ್ಪ.

"ನಾ ಏನ್ ಮಾಡ್ಲಣ್ಣ? ಮಾಲಕ ಹೇಳಿದ್ದು ಮಾಡಬೇಕು. ನಾ ಒಲ್ಲೆ ಅಂದ್ರ ಇನ್ನೊಬ್ಬ ತರ್ತಿದ್ದ."

"ಇನ್ನೊಬ್ಬ ತರ್ತಿದ್ದ ಹೌದು. ತರ್ಲಿ. ನೀ ಯಾಕ ತಂದಿ?"

ಕಾಕಾ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತೇನೋ. ಅವನಿಗೂ ಬಾಯಿ ತಡೆಯಲಿಲ್ಲ.

"ಎಲ್ಲಾರೂ ಗೇಟಿನ ಮುಂದ ಕುಂತ್ರ ಈ ತಾಟಿಗಿ ರೊಟ್ಟಿ ಎಲ್ಲಿಂದ ಬರತಿತ್ತು? ನೀ ಈಗ ಮುರ್ಯಾಕತ್ತಿದ್ದು ಯಾರ್ ತಂದಿದ್ದು, ಅದನ್ನರ ಕೇಳಕೋ."

ಅಪ್ಪನ ಕೈಯಲ್ಲಿ ಮುರಿದ ರೊಟ್ಟಿ ಇತ್ತು. ಅದನ್ನು ತಾಟಿನಲ್ಲಿ ಮೆಲ್ಲಗೆ ಇಟ್ಟು ಎದ್ದು ಹೋದ. ಬಡಿದಾಡಿದ್ದರೆ ಚೆನ್ನಾಗಿತ್ತು ಅಂತ ಅಮ್ಮ ಆಮೇಲೆ ಎಷ್ಟೋ ಸಲ ಅಂದಳು. ಬಡಿದಾಡಿದವರು ಕೂಡುತ್ತಾರೆ, ತಾಟು ಬಿಟ್ಟು ಎದ್ದವರು ಕೂಡುವುದಿಲ್ಲ ಅನ್ನುವುದು ಅವಳ ಲೆಕ್ಕ.

ಕಾಕಾನೇ ಗೋಡೆ ಕೇಳಿದ. ಓಣಿಯ ಹಿರಿಯರು ನಾಲ್ಕು ಜನ ಕೂತು ಫೈಸಲಾ ಮಾಡಿದರು. ಪಡಸಾಲೆಯ ನಡುವೆ, ಕಂಬವನ್ನು ಹಿಡಿದು, ಹಸಿ ಇಟ್ಟಿಗೆಯ ಗೋಡೆ ಎದ್ದಿತು. ಅರ್ಧ ಕಂಬ ನಮ್ಮ ಕಡೆ ಉಬ್ಬಿಕೊಂಡಿತ್ತು, ಅರ್ಧ ಅವರ ಕಡೆ. ದೇವರ ಜಗಲಿ ನಮಗೆ ಬಂತು, ಒಲೆ ಅವರಿಗೆ ಹೋಯಿತು. ನಾವು ಹೊಸ ಒಲೆ ಹೂಡಿದೆವು, ಅವರು ಹಿಂದಿನ ಸಂದಿಗೆ ಹೊಸ ಬಾಗಿಲು ಒಡೆದರು. ಬೀಸುವ ಕಲ್ಲಿಗೆ ತಕರಾರು ಬಂದು ಅದು ಬೀದಿಯ ಕಟ್ಟೆಯ ಮೇಲೆ ಯಾರದೂ ಅಲ್ಲದೆ ಕೂತಿತು. ಉಳಿದವಳು ಅಮ್ಮ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಒಬ್ಬ ಮಗನ ಮನೆ, ಆಮೇಲೆ ಇನ್ನೊಬ್ಬನದು ಅಂತ ಹಿರಿಯರು ಅವಳನ್ನೂ ಪಾಲು ಮಾಡಿದರು. ಅವಳು ಒಂದೇ ಒಂದು ಮಾತು ಕೇಳಿದಳು: ಎಲ್ಲಿದ್ದರೂ ಹಾಸಿಗೆ ಕಂಬದ ಬುಡದಲ್ಲೇ ಇರಬೇಕು. ಹಾಗಾಗಿ ಪ್ರತಿ ಅಮಾವಾಸ್ಯೆಯ ಸಂಜೆ ಅವಳು ಕೌದಿ ಸುತ್ತಿಕೊಂಡು ಓಣಿ ಬಳಸಿ ಆ ಬಾಗಿಲಿನಿಂದ ಈ ಬಾಗಿಲಿಗೆ ಬರುತ್ತಿದ್ದಳು, ಬಂದು ಗೋಡೆಯ ಈ ಮಗ್ಗುಲಿಗೆ ಅದೇ ಕಂಬಕ್ಕೆ ತಲೆ ಕೊಟ್ಟು ಮಲಗುತ್ತಿದ್ದಳು.

ಆ ಪಾಳಿಯನ್ನು ಅಮ್ಮ ಎಷ್ಟು ಬಿಗಿಯಾಗಿ ನಡೆಸಿದಳು ಅಂದರೆ ನನಗೆ ಅವಳ ಮೇಲೇ ಸಿಟ್ಟು ಬರುತ್ತಿತ್ತು. ಕಾಕಾನ ತಿಂಗಳಿನಲ್ಲಿ ನಮ್ಮ ಮನೆಯ ನೀರು ಸಹ ಕುಡಿಯುತ್ತಿರಲಿಲ್ಲ. ನಮ್ಮ ತಿಂಗಳಿನಲ್ಲಿ ಅಲ್ಲಿಯದನ್ನೂ ಮುಟ್ಟುತ್ತಿರಲಿಲ್ಲ. ಕಂಬದ ಸುತ್ತ ಇಟ್ಟಿಗೆ ಸರಿಯಾಗಿ ಕೂಡದೆ ನೆಲದ ಹತ್ತಿರ ಕೈ ತೂರುವಷ್ಟು ಸಂದು ಉಳಿದಿತ್ತು. ಒಂದು ದಿನ ಚಿಗವ್ವ ಜ್ವರದಲ್ಲಿ ಮಲಗಿದ್ದಳು, ಕಾಕಾ ಗಿರಣಿಯಿಂದ ಬಂದಿರಲಿಲ್ಲ, ಆ ಕಡೆ ಒಲೆ ಹೊತ್ತಿಸುವವರಿರಲಿಲ್ಲ. ನಾನು ಬಿಸಿ ರೊಟ್ಟಿಗೆ ಪುಂಡಿಪಲ್ಯ ಸವರಿ, ಮಡಚಿ, ಆ ಸಂದಿನಲ್ಲಿ ತೂರಿಸಿದೆ. ಆ ಕಡೆಯಿಂದ ಅವಳ ಕೈ ಬಂತು. ರೊಟ್ಟಿ ಮುಟ್ಟಿತು, ಒಂದು ಕ್ಷಣ ಹಿಡಿಯಿತು, ಆಮೇಲೆ ತಿರುಗಿ ನನ್ನ ಕಡೆಗೇ ತಳ್ಳಿತು.

"ಒಯ್ಯವ್ವ ನೀಲಿ. ಈ ತಿಂಗಳು ನಾ ಅಲ್ಲೀದು ಉಣ್ಣಂಗಿಲ್ಲ."

"ಹಸದಿಲ್ಲೇನಮ್ಮ?"

"ಹಸದೀನಿ. ಹಸಿವಿ ತಡಕೋಬೌದು. ನಾಳೆ ನಿಮ್ಮಪ್ಪ ಒಂದ್ ಮಾತು ಅಂತಾನ, ನಿಮ್ಮ ಕಾಕಾ ಒಂದ್ ಮಾತು ಅಂತಾನ, ಅದನ್ನ ತಡಕೊಳ್ಳಾಕ ನನ್ನ ಕೈಲಿ ಆಗಂಗಿಲ್ಲ."

ಆ ರೊಟ್ಟಿಯನ್ನು ನಾನೇ ತಿಂದೆ, ಅಳುತ್ತ ತಿಂದೆ. ಮಕ್ಕಳ ಜಗಳಕ್ಕೆ ಎಣ್ಣೆ ಬೀಳಬಾರದು ಅಂತ ಹೊಟ್ಟೆ ಕಟ್ಟಿ ಬದುಕಿದ ಮುದುಕಿ ಅವಳು.

ಇನ್ನು ಮಾಳಿಗೆಯ ಮಾತು. ಗೋಡೆ ಎದ್ದ ವರ್ಷ ಕಾರಹುಣ್ಣಿಮೆಗೆ ಮೊದಲು ಕಾಕಾ ಬಂದು ಮಾಳಿಗೆಯ ಮೇಲೆ, ಸರಿಯಾಗಿ ಕೆಳಗಿನ ಗೋಡೆಯ ನೇರಕ್ಕೆ, ಸುಣ್ಣದ ಗೆರೆ ಎಳೆದ. ಅವನು ತನ್ನ ಕಡೆ ಮಣ್ಣು ಹಾಕಿದ, ಅಪ್ಪ ಒಬ್ಬನೇ ನಮ್ಮ ಕಡೆ ಹಾಕಿದ. ಆದರೆ ಮಣ್ಣಿಗೆ ಗೆರೆ ಗೊತ್ತಾಗುತ್ತದೆಯೇ? ತುಳಿದರೆ ಆ ಕಡೆಗೆ ಸರಿಯುತ್ತದೆ. ತನ್ನ ಮಣ್ಣು ಅವನ ಜಾಗಕ್ಕೆ ಬಿದ್ದರೆ ನಾಳೆ ಅದಕ್ಕೊಂದು ಜಗಳ ಅಂತ ಅಪ್ಪ ಗೆರೆಯಿಂದ ಒಂದು ಗೇಣು ಈಚೆಗೇ ನಿಲ್ಲಿಸಿದ. ಕಾಕಾನೂ ಅದೇ ಬುದ್ಧಿ ಓಡಿಸಿ ಒಂದು ಗೇಣು ಆಚೆಗೇ ನಿಲ್ಲಿಸಿದ. ಎರಡು ಕಡೆಯ ಹೊಸ ಮಣ್ಣಿನ ನಡುವೆ ಎರಡು ಗೇಣಿನ ತಗ್ಗು ಉಳಿಯಿತು, ಬೀದಿಯ ಕಡೆಯಿಂದ ಹಿತ್ತಲಿನ ಕಡೆಗೆ, ಕಂಬದ ತಲೆಯ ಮೇಲೆಯೇ ಹಾದು. ಮರುವರ್ಷವೂ ಹಾಗೇ ಹಾಕಿದರು. ಮಣ್ಣು ಎರಡೂ ಬದಿಗೆ ಏರುತ್ತ ಹೋದಂತೆ ತಗ್ಗು ಆಳವಾಗುತ್ತ ಹೋಯಿತು. ಪಕ್ಕದ ಮನೆಯ ಹಮಾಲನೊಬ್ಬ ತನ್ನ ಮಾಳಿಗೆಯಿಂದ ನೋಡಿ ನಕ್ಕ.

"ಏನ್ ಹನುಮಣ್ಣ, ಎಡದಂಡಿ ಕಾಲುವಿ ನಿಮ್ಮ ಮಾಳಿಗಿ ಮ್ಯಾಲೂ ಬಂತಲ್ಲ! ಇನ್ನ ಭತ್ತ ಹಚ್ಚಿಬಿಡ್ರಿ ಅಣ್ಣತಮ್ಮರು."

ಅಪ್ಪ ನಗಲಿಲ್ಲ, ನಾವು ಹುಡುಗರು ನಕ್ಕೆವು. ಮಳೆಗಾಲದಲ್ಲಿ ನಿಜವಾಗಿಯೂ ಅಲ್ಲಿ ಕಾಲುವೆಯ ಹಾಗೆ ನೀರು ನಿಲ್ಲುತ್ತಿತ್ತು. ಕಂಬದ ಮೈಮೇಲೆ ಕಪ್ಪು ಗೆರೆಗಳು ಇಳಿದವು, ಗೋಡೆಯ ಇಟ್ಟಿಗೆ ಉಬ್ಬಿತು, ಅಮ್ಮನ ಕೌದಿಯ ತಲೆದಿಂಬಿನ ಕಡೆ ಯಾವಾಗಲೂ ಮುಗ್ಗು ವಾಸನೆ. ಅವಳು ಮಲಗಿದಲ್ಲೇ ಮೇಲೆ ನೋಡುತ್ತಿದ್ದಳು, ತೊಲೆಯ ನಡುವಿಗೆ ಕಣ್ಣು ನೆಟ್ಟು. ಬೇವಿಗೆ ಗೆದ್ದಲು ಹತ್ತುವುದಿಲ್ಲ, ನೀರು ಹತ್ತುತ್ತದೆ ಅನ್ನುತ್ತಿದ್ದಳು. ಪ್ರತಿ ತಿಂಗಳೂ ಆ ತಿಂಗಳಿನ ಮಗನಿಗೆ ಹೇಳುವುದೇ ಅವಳ ಕೆಲಸವಾಯಿತು.

"ಹನುಮ, ತೊಲಿ ತೊಯ್ಯಾಕತ್ತೈತಿ. ನಡುವ ಎರಡ್ ಬುಟ್ಟಿ ಮಣ್ಣು ಹಾಕಪ್ಪ."

"ಅವ ಹಾಕ್ಲಿ. ಗೋಡಿ ಕೇಳಿದಾಂವ ಅವ."

ಮುಂದಿನ ತಿಂಗಳು ಗೋಡೆಯ ಆಚೆಯಿಂದ ಅದೇ ಮಾತು ಕಾಕಾನ ದನಿಯಲ್ಲಿ ಕೇಳುತ್ತಿತ್ತು.

"ಅಣ್ಣ ಹಾಕ್ಲಿ ಬೇ. ಜಗಳಾ ತಗದಾಂವ ಅಣ್ಣ."

ಅಪ್ಪ ಕೆಟ್ಟವನಲ್ಲ. ಕಾಕಾನೂ ಅಲ್ಲ. ಇಬ್ಬರೂ ತಾಯಿಗೆ ಊಟಕ್ಕೆ ಕಡಿಮೆ ಮಾಡಿದವರಲ್ಲ, ಜ್ವರ ಬಂದರೆ ಎತ್ತಿಕೊಂಡು ದವಾಖಾನೆಗೆ ಓಡಿದವರು. ಆದರೆ ಆ ಎರಡು ಗೇಣಿಗೆ ಮಣ್ಣು ಹಾಕಿದವನು ಸೋತ ಹಾಗೆ ಅಂತ ಇಬ್ಬರ ತಲೆಯಲ್ಲೂ ಕೂತುಬಿಟ್ಟಿತ್ತು. ಬೆನ್ನಿನ ಮೇಲೆ ಕ್ವಿಂಟಲ್‌ಗಟ್ಟಲೆ ಹೊತ್ತ ಅಪ್ಪನಿಗೆ ಎರಡು ಬುಟ್ಟಿ ಮಣ್ಣು ಭಾರವಾಯಿತು. ಅವ್ವ ಮತ್ತು ಚಿಗವ್ವನ ನಡುವೆ ಮಾತ್ರ ಗೋಡೆ ಎದ್ದಿರಲಿಲ್ಲ. ನಳದ ಹತ್ತಿರ ಕೊಡ ಹಚ್ಚಿ ನಿಂತಾಗ ಇಬ್ಬರೂ ಎಂದಿನಂತೆ ಮಾತಾಡುತ್ತಿದ್ದರು. ಒಂದು ಮಧ್ಯಾಹ್ನ ಗಂಡಂದಿರು ಇಲ್ಲದಾಗ ತಾವೇ ಮಣ್ಣು ಹಾಕಿಬಿಡೋಣ ಅಂತ ನಿಚ್ಚಣಿಕೆ ಹಚ್ಚಿದರು. ಅವ್ವ ಎರಡು ಮೆಟ್ಟಿಲು ಏರಿದ್ದಳೋ ಇಲ್ಲವೋ, ಅಪ್ಪ ಓಣಿಯಲ್ಲಿ ಬಂದ.

"ಇಳಿ ಕೆಳಗ. ಅವನ ಗೋಡಿಗಿ ನನ್ನ ಹೆಂಡ್ತಿ ಮಣ್ಣು ಹೊರ್ತಾಳ?"

ಅವ್ವ ಇಳಿದಳು. ಚಿಗವ್ವ ಬುಟ್ಟಿ ಅಲ್ಲೇ ಬಿಟ್ಟು ಸೆರಗು ಬಾಯಿಗೆ ಹಿಡಿದು ಹಿಂದಿನ ಸಂದಿಗೆ ಹೋದಳು. ಕಟ್ಟೆಯ ಮೇಲೆ ಕೂತಿದ್ದ ಅಮ್ಮ ಇದನ್ನೆಲ್ಲ ನೋಡಿದಳು. ಅಂದಿನಿಂದ ಅವಳು ಮಕ್ಕಳಿಗೆ ತೊಲೆಯ ಸುದ್ದಿ ಹೇಳುವುದನ್ನು ಬಿಟ್ಟಳು. ಸಾಕಾಗಿ ಬಿಟ್ಟಳು ಅಂತ ನಾವು ತಿಳಿದೆವು.

ಅದರ ಮುಂದಿನ ವರ್ಷ ಚಿಗವ್ವನಿಗೆ ಗಂಡು ಕೂಸಾಯಿತು. ತೊಟ್ಟಿಲು ಕಟ್ಟಲು ಆ ಅರ್ಧ ಮನೆಯಲ್ಲಿ ಗಟ್ಟಿ ಜಾಗ ಅಂದರೆ ತೊಲೆ ಒಂದೇ. ಕಂಬದ ಹತ್ತಿರವೇ ಹಗ್ಗ ಇಳಿಬಿಟ್ಟರು. ತೊಟ್ಟಿಲು ತೂಗಿದಾಗ ತೊಲೆ ಕಿರ್ ಕಿರ್ ಅನ್ನುವ ಸದ್ದು ನಮ್ಮ ಕಡೆಗೂ ಕೇಳುತ್ತಿತ್ತು. ಅಮ್ಮ ಆ ಸದ್ದಿಗೆ ಉಣ್ಣುವುದನ್ನು ನಿಲ್ಲಿಸಿ ತಲೆ ಎತ್ತುತ್ತಿದ್ದಳು. ನನ್ನ ತಲಿ ಮ್ಯಾಲ ಬಿದ್ರ ಬೀಳ್ಲಿ, ನಾ ಬದುಕಿ ಆತು, ಅದು ಕೂಸು ಅಂತ ಅವ್ವನ ಹತ್ತಿರ ಒಮ್ಮೆ ಅಂದದ್ದು ನನಗೆ ನೆನಪಿದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಆ ದಿನ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜೆ ಮಾಡುತ್ತೇವೆ, ಆದ್ದರಿಂದ ಓಣಿಯಲ್ಲಿ ಯಾರ ಮನೆಗೆ ಮಣ್ಣು ಬಂದರೂ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅದಕ್ಕೇ ಅಮ್ಮ ಆ ದಿನ ಹಿಡಿದಳು ಅಂತ ಈಗ ತಿಳಿಯುತ್ತದೆ. ಹಿಂದಿನ ದಿನ ಪರಿಚಯದ ಬಂಡಿಯವನಿಂದ ಗೋಣಿಚೀಲದಲ್ಲಿ ಮಣ್ಣು ತರಿಸಿ ಹಿತ್ತಲಿನಲ್ಲಿ ಇಡಿಸಿದ್ದಳು. ಎತ್ತು ಮಾಡಲು ಅಂತ ನಾನು ಒಂದು ಹಿಡಿ ತೆಗೆಯಲು ಹೋದರೆ ಕೈ ತಡೆದಳು.

"ಇದು ಎತ್ತಿಗಿ ಬರಂಗಿಲ್ಲ, ಸೀಳ್ತೈತಿ. ಎರಿ ಮಣ್ಣು ತಗೊಂಡ್ ಬಾ ಹೋಗು."

ಚೀಲದಲ್ಲಿದ್ದದ್ದು ಸವಳು; ಸವಳು ಮಣ್ಣು ಯಾವುದಕ್ಕೆ ಅಂತ ನಮ್ಮ ಮನೆಯ ಮಗುವಿಗೂ ಗೊತ್ತಿತ್ತು. ಎತ್ತಿನ ಗುಂಗಿನಲ್ಲಿ ನನಗೆ ಹೊಳೆಯಲಿಲ್ಲ. ಅಮಾವಾಸ್ಯೆ ಅಂದರೆ ಗಂಜ್ ಬಂದ್, ಗಿರಣಿಯೂ ಬಂದ್. ಮೂರು ದಿನದಿಂದ ಜಿಟಿಜಿಟಿ ಹಿಡಿದ ಮಳೆ ಮಧ್ಯಾಹ್ನ ನಿಂತು ಹೊಳವಾಗಿತ್ತು. ಅಪ್ಪ ನಮ್ಮ ಕಡೆ ಚಾಪೆಯ ಮೇಲೆ ಅಡ್ಡಾಗಿದ್ದ. ಕಾಕಾ ಅವರ ಕಡೆ ಇದ್ದ. ಅದು ಅಮ್ಮ ಮನೆ ಬದಲಿಸುವ ದಿನವೂ ಹೌದು. ಮಧ್ಯಾಹ್ನ ಕಾಕಾನ ಮನೆಯಲ್ಲಿ ಹೋಳಿಗೆ ಉಂಡು ಕೌದಿ ಸುತ್ತಿ ಹೊರಬಿದ್ದಳು. ಅವರು ಇವಳು ನಮ್ಮ ಕಡೆ ಬಂದಳು ಅಂತ ತಿಳಿದರು. ಸಂಜೆಗೆ ಬರುವವಳು, ಇನ್ನೂ ಬಂದಿಲ್ಲ ಅಂತ ನಾವು ತಿಳಿದೆವು. ತಿಂಗಳಿಗೆ ಒಂದು ಸಲ ಕೆಲವು ಗಳಿಗೆ ಅವಳು ಯಾರ ಲೆಕ್ಕದಲ್ಲೂ ಇರುತ್ತಿರಲಿಲ್ಲ.

ನಾನು ಪಡಸಾಲೆಯ ಬಾಗಿಲ ಹತ್ತಿರ ಎತ್ತಿಗೆ ಕೊಂಬು ಹಚ್ಚುತ್ತಿದ್ದೆ. ಅವ್ವ ಒಲೆಯ ಮುಂದಿದ್ದಳು. ಮೇಲೆ ಧಪ್ ಧಪ್ ಅಂತ ಸದ್ದು ಬಂತು. ನಿಂತಿತು, ಮತ್ತೆ ಬಂತು. ಅವ್ವ ಒಲೆ ಊದುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ಅವಳ ಮುಖ ಅರಳಿದ್ದು ನನಗೆ ಇವತ್ತಿಗೂ ಕಾಣುತ್ತದೆ.

"ಕೇಳ್ರಿ ಇಲ್ಲಿ. ನಡುವ ಮಣ್ಣು ಬಡ್ಯಾಕತ್ತಾರ. ನಿಮ್ಮ ತಮ್ಮಗ ಬುದ್ಧಿ ಬಂತು."

ಅಪ್ಪ ಕಣ್ಣು ತೆರೆದ. ಕೇಳಿಸಿಕೊಂಡ. ಮೀಸೆಯ ಅಡಿಯಲ್ಲಿ ಸಣ್ಣಗೆ ನಕ್ಕ ಅನಿಸುತ್ತದೆ.

"ಬಡೀಲಿ," ಅಂದ. "ಈಗರ ತಿಳೀತಲ್ಲ."

ಅಂದು ಆ ಕಡೆ ಮಗ್ಗುಲಾದ. ಗೆದ್ದವನ ನಿದ್ದೆ ಅದು, ಎದ್ದು ಬಾಗಿಲ ತನಕ ಬಂದು ಮೇಲೆ ಯಾರು ಅಂತ ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ. ಧಪ್ ಧಪ್ ಸದ್ದು ಬೀದಿಯ ಕಡೆಯಿಂದ ಶುರುವಾಗಿ ಮೆಲ್ಲಗೆ ನಡುವಿಗೆ ಬಂತು, ಕಂಬದ ನೇರಕ್ಕೆ. ಆಮೇಲೆ ಮರ ಮುರಿಯುವ ಸದ್ದು, ಅದಾದ ಮೇಲೆ ಯಾವ ಸದ್ದು ಅಂತ ಹೇಳಲು ಬರುವುದಿಲ್ಲ. ಬಾಯಿ ಮೂಗಿನಲ್ಲೆಲ್ಲ ಮಣ್ಣು. ಕಣ್ಣು ಬಿಟ್ಟಾಗ ಮನೆಯ ತುಂಬ ಬೆಳಕಿತ್ತು. ಆ ಪಡಸಾಲೆಯಲ್ಲಿ ಅಷ್ಟು ಬೆಳಕನ್ನು ನಾನು ಎಂದೂ ನೋಡಿರಲಿಲ್ಲ. ಗೋಡೆ ಕುಸಿದಿತ್ತು. ಆ ಕಡೆ ಚಿಗವ್ವ ಕೂಸನ್ನು ಎದೆಗೆ ಒತ್ತಿಕೊಂಡು ಅಡುಗೆಯ ಮೂಲೆಯಲ್ಲಿ ನಿಂತಿದ್ದು ನೇರವಾಗಿ ಕಾಣುತ್ತಿತ್ತು.

ಅಪ್ಪ ಎದ್ದು ನಿಂತ, ಕಾಕಾ ಎದ್ದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೇಲಿದ್ದದ್ದು ಅವನಲ್ಲ ಅಂತ ಇವನಿಗೆ, ಇವನಲ್ಲ ಅಂತ ಅವನಿಗೆ ಒಟ್ಟಿಗೇ ತಿಳಿಯಿತು. ಮಣ್ಣಿನ ಗುಡ್ಡೆಯ ಮೇಲೆ ಬಟ್ಟೆ ಬಡಿಯುವ ಕೋಲು ಬಿದ್ದಿತ್ತು. ಕಾಕಾ ಅಯ್ಯಯ್ಯೋ ಯವ್ವಾ ಅಂತ ಕಿರುಚಿದ್ದು ಕೇಳಿ ಓಣಿಯ ಜನ ಓಡಿ ಬಂದರು. ಅಣ್ಣ ತಮ್ಮ ಇಬ್ಬರೂ ಮಂಡಿಯೂರಿ ಬರಿಗೈಯಿಂದ ಬಗೆದರು, ಉಗುರು ಕಿತ್ತು ರಕ್ತ ಬರುವ ತನಕ. ಅಮ್ಮ ಕಂಬದ ಬುಡದಲ್ಲೇ ಸಿಕ್ಕಳು, ಬದುಕಿದ್ದಳು. ಸೊಂಟದಿಂದ ಕೆಳಗೆ ಏನೂ ಉಳಿದಿರಲಿಲ್ಲ. ಹಗ್ಗದ ಹೊರಸು ತಂದು, ಇದ್ದಲ್ಲೇ, ಬಿದ್ದ ಗೋಡೆಯ ಇಟ್ಟಿಗೆ ಸರಿಸಿ ಮಲಗಿಸಿದರು. ಯಾರೋ ಜೀಪು ತರಲು ಓಡಿದರು. ಅವಳು ತುಟಿ ಆಡಿಸಿದಳು. ನೀರು ಬೇಕು ಅಂತ ಗೊತ್ತಾಗಿ ಅಪ್ಪ ನಮ್ಮ ಕೊಡದಿಂದ ಒಂದು ಚೆಂಬು ತಂದ, ಕಾಕಾ ಅವರ ಕೊಡದಿಂದ ಒಂದು ತಂದ. ಇಬ್ಬರೂ ಹೊರಸಿನ ಎರಡು ಬದಿಗೆ ಕೂತರು. ಅಮ್ಮ ಒಬ್ಬನನ್ನು ನೋಡಿದಳು, ಆಮೇಲೆ ಇನ್ನೊಬ್ಬನನ್ನು. ನೀರಿಗೆ ಬಾಯಿ ತೆರೆಯಲಿಲ್ಲ.

"ನಾ ಯಾರ ಕಡಿ ಅದೀನಿ?" ಅಂದಳು.

ಅದು ಬೈಗುಳವಲ್ಲ. ನಿಜವಾಗಿಯೂ ಅವಳಿಗೆ ತಿಳಿಯಬೇಕಿತ್ತು. ಗೋಡೆ ಇರಲಿಲ್ಲ, ಗುರುತು ಹತ್ತಲಿಲ್ಲ, ಅಮಾವಾಸ್ಯೆಯ ದಿನ ಬೇರೆ. ಅಪ್ಪ ಅಷ್ಟು ವರ್ಷದ ಮೇಲೆ ಮೊದಲ ಸಲ ತಮ್ಮನ ಜೊತೆ ಮಾತಾಡಿದ.

"ಯಂಕ, ನೀ ಕುಡಸು. ಇನ್ನೂ ನಿನ್ನ ತಿಂಗಳ ಐತಿ."

"ನೀ ಕುಡಸಣ್ಣ," ಅಂದ ಕಾಕಾ, ಅಳುತ್ತ. "ನೀ ಹಿರ್ಯಾಂವ, ನೀನ ಕುಡಸು."

ಅವ್ವ ಅಪ್ಪನ ಕೈಯಿಂದ ಚೆಂಬು ಕಸಿದುಕೊಂಡು ಅಮ್ಮನ ಬಾಯಿಗೆ ಹಿಡಿದಳು. ನೀರು ಒಳಗೆ ಹೋಗಲಿಲ್ಲ, ಕೆನ್ನೆಯ ಮಣ್ಣನ್ನು ತೊಳೆದುಕೊಂಡು ಕೌದಿಗೆ ಇಳಿಯಿತು. ಜೀಪು ಬಂದಾಗ ಅದರ ಕೆಲಸ ಉಳಿದಿರಲಿಲ್ಲ.

ಮನೆಯ ಉಳಿದ ಗೋಡೆಗಳನ್ನು ಅಮ್ಮನ ದಿನಗಳು ಮುಗಿದ ಮೇಲೆ ಅಣ್ಣ ತಮ್ಮ ಸೇರಿಯೇ ಕೆಡವಿದರು. ತೊಲೆಯ ಎರಡು ತುದಿಗಳು ಕಬ್ಬಿಣದ ಹಾಗೆ ಗಟ್ಟಿಯಾಗಿದ್ದವು, ನಡುವಿನ ಭಾಗ ಮಾತ್ರ ಅಪ್ಪನ ಬೆರಳಿಗೆ ಪುಡಿಪುಡಿಯಾಗಿ ಬಂತು. ಯಾರೂ ಆ ಜಾಗದಲ್ಲಿ ಮತ್ತೆ ಮನೆ ಕಟ್ಟುವ ಮಾತೆತ್ತಲಿಲ್ಲ. ಕಾಕಾ ಗಿರಣಿ ಬಿಟ್ಟು ಚಿಗವ್ವನ ತವರು ಮಸ್ಕಿಗೆ ಹೋದ. ನಾವು ಲಿಂಗಸುಗೂರಿಗೆ ಬಂದೆವು, ಅಪ್ಪ ಅಲ್ಲಿ ಒಂದು ಗೋದಾಮಿನ ಕಾವಲಿಗೆ ನಿಂತ. ಹಬ್ಬ, ಮದುವೆ ಅಂತ ಅಣ್ಣ ತಮ್ಮ ಹೋಗಿ ಬಂದು ಮಾಡಿದರು, ಜಗಳ ಮುಗಿದಿತ್ತು. ಮಾತೇ ಇರಲಿಲ್ಲ ಅಷ್ಟೇ. ಮಸ್ಕಿಯಲ್ಲಿ ಅದೇ ಕೂಸಿನ ಮದುವೆಯಲ್ಲಿ ಚಿಗವ್ವ ನನ್ನನ್ನು ಒಳಗೆ ಕರೆದು ಕೂರಿಸಿಕೊಂಡಳು.

"ಅವತ್ತು ನಿಮ್ಮಮ್ಮ ಹೋಗೂ ಮುಂದ ತೊಟ್ಟಿಲ ಬಿಚ್ಚಿ ಒಲಿ ಕಡಿ ಕಟ್ಟಿ ಹೋಗಿದ್ಲು ನೀಲಿ. ಯಾಕ ಅತ್ತಿ ಅಂದ್ರ ಇಲ್ಲಿ ಗಾಳಿ ಬರಂಗಿಲ್ಲ ಅಂದ್ಲು. ಆಮ್ಯಾಲ ಮ್ಯಾಲೆ ಸಪ್ಪಳಾತು. ನಿಮ್ಮ ಕಾಕಾ ಕೂಸಿನ ಆಡಸಾಕತ್ತಿದ್ದ. ಕೇಳಿದೇನ, ಅಣ್ಣ ಮಣ್ಣು ಹಾಕಾಕತ್ತಾನ, ಕಡೀಕೂ ಸೋತ ಅಂದ. ನನಗೂ ಖುಷಿ ಆತವ್ವ. ಖುಷಿ ಆಗಿತ್ತು ನನಗ."

ನಾನು ನಮ್ಮ ಕಡೆ ಏನಾಯಿತು ಅಂತ ಅವಳಿಗೆ ಹೇಳಿದೆ. ಹೊರಗೆ ಬ್ಯಾಂಡು ಬಾರಿಸುವುದು ನಿಲ್ಲುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.

ಲಿಂಗಸುಗೂರಿನಲ್ಲಿ ನಮ್ಮದು ಬಾಡಿಗೆಯ ಮನೆ. ಮೇಲೆ ಆರ್‌ಸಿಸಿ, ಅದರ ಮೇಲೆ ಇನ್ನೊಂದು ಸಂಸಾರ. ಅಪ್ಪ ಮನೆಯ ಸುದ್ದಿಯನ್ನಾಗಲಿ ಅಮ್ಮನ ಸುದ್ದಿಯನ್ನಾಗಲಿ ಸಾಯುವ ತನಕ ಎತ್ತಲಿಲ್ಲ. ಆದರೆ ಮೇಲಿನ ಮನೆಯಲ್ಲಿ ಏನಾದರೂ ಕುಟ್ಟುವ ಸದ್ದಾದರೆ ಅವನ ಕೈ ತಾಟಿನಲ್ಲೇ ನಿಲ್ಲುತ್ತಿತ್ತು.

"ಮ್ಯಾಲೆ ಯಾರ್ ಅದಾರ?"

"ಮ್ಯಾಲಿನ ಮನಿಯವ್ರಪ್ಪ. ಖಾರ ಕುಟ್ಟಾಕತ್ತಾರ."

"ಹೋಗಿ ನೋಡಿದೇನು?"

"ದಿನಾ ಕುಟ್ತಾರಲ್ಲ, ನೋಡೋದೇನೈತಿ?"

"ಹೋಗಿ ನೋಡಿ ಬಾ."

ಮೊದಮೊದಲು ನಾನು ಜಗಳ ಮಾಡುತ್ತಿದ್ದೆ, ಆಮೇಲೆ ಬಿಟ್ಟೆ. ಮೆಟ್ಟಿಲು ಏರಿ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೇಲಿನ ಮನೆಯ ಹೆಂಗಸಿಗೂ ರೂಢಿಯಾಗಿತ್ತು. ಒನಕೆ ಕೆಳಗಿಡದೆಯೇ ತಿರುಗಿ ನೋಡಿ, ನಾನ ಅದೀನವ್ವ, ನಾನ ಅದೀನಿ ಅಂತ ಹೇಳು ನಿಮ್ಮಪ್ಪಗ ಅನ್ನುತ್ತಿದ್ದಳು. ನಾನು ಕೆಳಗೆ ಬಂದು ಹೇಳಿದ ಮೇಲೆಯೇ ಅಪ್ಪ ರೊಟ್ಟಿ ಮುರಿಯುತ್ತಿದ್ದ.